ಬಾಗಿಲ ಮುಂದಿನ ಚುಕ್ಕಿಗಳು

ಬಾಗಿಲ ಮುಂದೆ ಚುಕ್ಕಿ ಇಡುವುದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡದೆ ಬಂದ ವಿದ್ಯೆ. ಊರು ಬಿಟ್ಟು ಬಂದು ಹೈದರಾಬಾದಿನ ಬಾಡಿಗೆ ಮನೆಗಳಲ್ಲಿ ನೆಲೆಸಿದ ಮೇಲೆಯೂ ಅದು ತಪ್ಪಿಲ್ಲ. ಮೂರನೆಯ ಅಂತಸ್ತಿನಲ್ಲಿ, ಮೆಟ್ಟಿಲಿಗೂ ಹೊಸ್ತಿಲಿಗೂ ನಡುವೆ ಉಳಿದ ಎರಡಡಿ ಜಾಗದಲ್ಲಿಯೇ ಏಳು ಚುಕ್ಕಿಯ ರಂಗೋಲಿ ದಿನವೂ ಮೂಡುತ್ತದೆ, ಹಾಲಿನವನು ತುಳಿಯುತ್ತಾನೆ, ಮರುದಿನ ಮತ್ತೆ ಮೂಡುತ್ತದೆ. ರಂಗೋಲಿಯ ಚುಕ್ಕಿಗೆ ಒಂದು ದೊಡ್ಡ ಗುಣವಿದೆ: ಇಟ್ಟಲ್ಲಿ ಇರುತ್ತದೆ. ಈ ಬಾರಿ ನಾವು ಬರೆಯಹೊರಟಿರುವುದು ಇಟ್ಟಲ್ಲಿ ಇರದ ಚುಕ್ಕಿಗಳ ವಿಷಯ. ಅವು ಮುನ್ನೂರು ಇವೆ; ಅವಕ್ಕೂ ಬಾಗಿಲಿಗೂ ಸಂಬಂಧವಿದೆ; ಅವನ್ನು ಗಾಜಿನ ಪರದೆಯ ಮೇಲೆ ಕಣ್ಣಿಗೆ ಕಾಣುವಂತೆ ಮಾಡುವುದರಲ್ಲಿ ನಮ್ಮ ಮನೆಯಲ್ಲಿ ನಾಲ್ಕು ತಿಂಗಳ ಭಾನುವಾರಗಳು ಕಳೆದವು.

"ನಾವು" ಎಂದು ಬರೆಯುವುದನ್ನು ಕಂಡು ವಾಚಕರು, ಇವರಾವ ಪಾಳೆಯಗಾರರೋ ಎಂದು ನಗಬಾರದು. ಸರ್ಕಾರಿ ಕಚೇರಿಯಲ್ಲಿ ಹನ್ನೆರಡು ವರ್ಷ ಗುಮಾಸ್ತಿಕೆ ಮಾಡಿದವರಿಗೆ "ನಾನು" ಎಂಬ ಪದ ಲೇಖನಿಯ ತುದಿಗೆ ಬರುವುದೇ ಇಲ್ಲ. ಅಲ್ಲದೆ ಈ ಕೆಲಸದಲ್ಲಿ ನಿಜವಾಗಿಯೂ ಇಬ್ಬರಿದ್ದೆವು. ಇತಿಹಾಸ ಓದಿ ಬಿ.ಎ. ಪಾಸು ಮಾಡಿ ಟಪಾಲು ವಿಭಾಗದಲ್ಲಿ ಕುಳಿತಿರುವ ನಾವು ಒಬ್ಬರು. ಭೌತಶಾಸ್ತ್ರವನ್ನೂ ಕಂಪ್ಯೂಟರನ್ನೂ ಓದುತ್ತ ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವ ನಮ್ಮ ಅಕ್ಕನ ಮಗಳು ಇನ್ನೊಬ್ಬಳು. ಅವಳು ಕಲಬುರಗಿಯಿಂದ ಬಂದು ನಮ್ಮ ಮನೆಯಲ್ಲಿಯೇ ಇದ್ದು ಓದುತ್ತಾಳೆ.

ಹುಡುಗಿ ಕಾಲೇಜಿಗೆ ಒಂದು ಪ್ರಾಜೆಕ್ಟು ಮಾಡಿ ಒಪ್ಪಿಸಬೇಕಾಗಿತ್ತು. ವಿಷಯ ಯಾವುದೆಂದು ಅವಳು ಹೆಚ್ಚು ಹುಡುಕಲಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆಂದು ಸೇರಿದ ಜನರಲ್ಲಿ 11 ಮಂದಿ ನೂಕುನುಗ್ಗಲಿನಲ್ಲಿ ತೀರಿಹೋದರು. ಅದಕ್ಕೆ ಸರಿಯಾಗಿ ಆರು ತಿಂಗಳ ಹಿಂದೆ, 2024ರ ಡಿಸೆಂಬರ್ 4ರ ರಾತ್ರಿ, ನಮ್ಮದೇ ಊರಿನ ಆರ್.ಟಿ.ಸಿ. ಕ್ರಾಸ್ ರೋಡ್ಸಿನ ಸಂಧ್ಯಾ ಚಿತ್ರಮಂದಿರದಲ್ಲಿ ಹೊಸ ಸಿನಿಮಾ ನೋಡಹೋದ ಒಬ್ಬ ತಾಯಿ ಪ್ರಾಣ ಬಿಟ್ಟಳು. ಮಗ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ. ಎರಡೂ ಸಾರಿ ನಮ್ಮ ಅಕ್ಕ ಕಲಬುರಗಿಯಿಂದ ಫೋನು ಮಾಡಿ, "ಹುಡುಗಿ ಮನ್ಯಾಗ ಅದಾಳೇನೋ?" ಎಂದು ಕೇಳಿದ್ದಳು. ಹುಡುಗಿ ಮನೆಯಲ್ಲಿಯೇ ಇದ್ದಳು. ಆದರೆ ಆ ಪ್ರಶ್ನೆ ಅವಳ ಮನಸ್ಸಿನಿಂದ ಹೋಗಲಿಲ್ಲವೆಂದು ತೋರುತ್ತದೆ.

ಇನ್ನು ನಮ್ಮ ಕಡೆಯ ಕಾರಣ. ನಮ್ಮ ಸಂಘದ ರಾಜ್ಯೋತ್ಸವ ನಡೆಯುವ ಸಭಾಂಗಣವನ್ನು ವಾಚಕರಲ್ಲಿ ಬಹಳ ಮಂದಿ ಬಲ್ಲರು. ಮುಂದಿನ ಬಾಗಿಲು ನಾಲ್ಕಡಿ ಅಗಲ. ಹಿಂಭಾಗದ ಪಕ್ಕದ ಗೋಡೆಯಲ್ಲಿ ಮೂರಡಿಯ ಇನ್ನೊಂದು ಬಾಗಿಲಿದೆ. ಇದೆ ಎಂಬುದು ಮಕ್ಕಳಿಗೆ ಗೊತ್ತಿಲ್ಲ, ಏಕೆಂದರೆ ಅದಕ್ಕೆ ಒರಗಿಸಿ ಮಡಿಸುವ ಕುರ್ಚಿಗಳನ್ನು ಒಟ್ಟಲಾಗಿತ್ತು. ಆ ಬಾಗಿಲಿನಿಂದ ಯಾರೋ ನುಗ್ಗಿ ಚಪ್ಪಲಿಗಳನ್ನು ಹೊತ್ತೊಯ್ದರೆಂದು ಬಹಳ ಹಿಂದೆ ಬೀಗ ಬಿದ್ದದ್ದು ಬಿದ್ದೇ ಇತ್ತು. ಕಾರ್ಯಕ್ರಮ ಮುಗಿದು "ಊಟಕ್ಕೆ ಏಳಿ" ಎಂದೊಡನೆ ಮುನ್ನೂರು ಜನ ಆ ನಾಲ್ಕಡಿಯ ಕಡೆಗೆ ಏಳುತ್ತಾರೆ. ಹೋಳಿಗೆಯ ವಾಸನೆ ಮೊದಲೇ ಬಂದಿರುತ್ತದೆ. ಹಿಂದಿನ ಬಾಗಿಲನ್ನು ತೆರೆದಿಡಬೇಕೆಂದು ನಾವು ಕಾರ್ಯಕಾರಿ ಸಮಿತಿಗೆ ಒಂದು ಅರ್ಜಿ ಕೊಟ್ಟೆವು. "ಪರಿಶೀಲಿಸಲಾಗುವುದು" ಎಂದು ಉತ್ತರ ಬಂತು. ಆ ಪದವನ್ನು ದಿನಕ್ಕೆ ಹತ್ತು ಸಾರಿ ಬರೆಯುವವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಮಾಮಾ, ಅವರಿಗೆ ಬರದು ಕೊಟ್ಟರ ಆಗೂದಿಲ್ಲ, ತೋರಸಬೇಕು," ಎಂದಳು ಹುಡುಗಿ. ಅಲ್ಲಿಂದ ಕೆಲಸ ಶುರುವಾಯಿತು.

ಈ ಬಗೆಯ ಲೆಕ್ಕಕ್ಕೆ ಏಜೆಂಟ್ ಲೆಕ್ಕವೆಂದು ಹೆಸರು. ಏಜೆಂಟ್ ಎಂದೊಡನೆ ನಮ್ಮ ಕಣ್ಣಿಗೆ ಬಂದದ್ದು ಚೀಲ ಹಿಡಿದು ಮಾರ್ಚಿ ತಿಂಗಳಲ್ಲಿ ಕಚೇರಿಗೆ ಬರುವ ಜೀವವಿಮೆಯವರು. ಇಲ್ಲಿ ಅರ್ಥ ಬೇರೆ. ಗುಂಪಿಗೆ ಒಟ್ಟಾರೆ ಒಂದು ಸೂತ್ರ ಬರೆಯದೆ, ಗುಂಪಿನ ಒಬ್ಬೊಬ್ಬನಿಗೂ ಎರಡು ಮೂರು ಸಣ್ಣ ನಿಯಮ ಕೊಟ್ಟು ಬಿಟ್ಟುಬಿಡುವುದು. ಆ ಒಬ್ಬೊಬ್ಬನೂ ಒಬ್ಬ ಏಜೆಂಟ್. ಪಕ್ಕದವನಿಗೆ ಡಿಕ್ಕಿ ಹೊಡೆಯಬೇಡ, ಪಕ್ಕದವರು ಹೋಗುವ ದಿಕ್ಕಿಗೆ ತಿರುಗು, ಗುಂಪಿನಿಂದ ಬಹಳ ದೂರ ಹೋಗಬೇಡ: ಇಷ್ಟೇ ಮೂರು ಮಾತನ್ನು ಹೇಳಿ ಕ್ರೇಗ್ ರೆನಾಲ್ಡ್ಸ್ ಎಂಬ ಅಮೆರಿಕದವರು ಪರದೆಯ ಮೇಲೆ ಹಕ್ಕಿಗಳ ಹಿಂಡನ್ನು ಹಾರಿಸಿ 1987ರಲ್ಲಿ ಅದರ ವಿವರ ಪ್ರಕಟಿಸಿದರು. ಮುಂದೆ ಹಾಲಿವುಡ್ಡಿನ ಸಿನಿಮಾಗಳಲ್ಲಿ ಬಾವಲಿಗಳ ಹಿಂಡು ಹಾರಿದ್ದು ಇದೇ ಉಪಾಯದಿಂದ. ಹಿಂಡಿಗೆ ನಾಯಕನಿಲ್ಲ, ಆದರೂ ಹಿಂಡು ತಿರುಗುತ್ತದೆ. ಸಂಜೆ ಹುಸೇನ್ ಸಾಗರದ ಮೇಲೆ ಹಾರುವ ಹಕ್ಕಿಗಳನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. ಆದರೆ ಅದನ್ನು ಲೆಕ್ಕವಾಗಿ ಬರೆಯಬಹುದೆಂಬುದು ಸೋಜಿಗವೇ.

ಹಕ್ಕಿಗೂ ಭೌತಶಾಸ್ತ್ರಕ್ಕೂ ಏನು ಸಂಬಂಧವೆಂದು ನಾವು ಕೇಳಿದೆವು. ಹುಡುಗಿ ಹೇಳಿದ ಉತ್ತರದಲ್ಲಿ ನಮ್ಮ ಎರಡು ಊರುಗಳೂ ಬಂದವು. 1995ರಲ್ಲಿ ಹಂಗೆರಿಯ ತಮಾಶ್ ವಿಚೆಕ್ ಮತ್ತು ಜೊತೆಗಾರರು, ಹಿಂಡನ್ನು ಕಾಂತದ ಕಣಗಳಂತೆಯೇ ಲೆಕ್ಕ ಹಾಕಬಹುದೆಂದು ತೋರಿಸಿದರು. ಈ ವಿದ್ಯೆಯಲ್ಲಿ ಜಗತ್ತಿನಲ್ಲೇ ಹೆಸರಾದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀರಾಮ್ ರಾಮಸ್ವಾಮಿಯವರು. 2012ರಿಂದ 2016ರವರೆಗೆ ಅವರು ಹೈದರಾಬಾದಿನಲ್ಲಿದ್ದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಇಲ್ಲಿಯ ಕೇಂದ್ರವನ್ನು ನಡೆಸಿದರು, ಅದೀಗ ಗೋಪನಪಲ್ಲಿಯಲ್ಲಿದೆ. 2014ರಲ್ಲಿ ನಿತಿನ್ ಕುಮಾರ್, ಹರ್ಷ್ ಸೋನಿ, ಎ.ಕೆ. ಸೂದ್ ಇವರೊಂದಿಗೆ ಅವರು ಪ್ರಕಟಿಸಿದ ಪ್ರಯೋಗ ಕೇಳಲು ಚೆನ್ನಾಗಿದೆ. ಒಂದು ತುದಿ ಚೂಪಾದ ಪುಟ್ಟ ಹಿತ್ತಾಳೆ ಕಡ್ಡಿಗಳು. ಅವುಗಳ ಸುತ್ತ ರಾಶಿರಾಶಿ ಅಲ್ಯೂಮಿನಿಯಂ ಮಣಿಗಳು. ಕೆಳಗಿನ ತಟ್ಟೆಯನ್ನು ನಡುಗಿಸುತ್ತ ಹೋದರೆ ಕಡ್ಡಿಗಳು ತಾವೇ ನಡೆಯತೊಡಗುತ್ತವೆ. ಕಡ್ಡಿಗಳು ಕೆಲವೇ ಇದ್ದರೂ, ಒಂದಕ್ಕೊಂದು ದೂರವಿದ್ದರೂ, ನಡುವಿನ ಮಣಿಗಳನ್ನು ತಳ್ಳುತ್ತ ತಳ್ಳುತ್ತ ಕೊನೆಗೆ ಎಲ್ಲವೂ ಒಂದೇ ಕಡೆಗೆ ಮುಖ ಮಾಡುತ್ತವೆ. ಹಿತ್ತಾಳೆಗೆ ಜೀವವಿಲ್ಲ, ಮನಸ್ಸಿಲ್ಲ. ಆದರೂ ಹಿಂಡು ಕಟ್ಟುತ್ತದೆ. ಇದನ್ನು ಕೇಳಿದ ಮೇಲೆ ಲಿಂಗಂಪಲ್ಲಿಯ ರೈಲಿನಲ್ಲಿ ನಮ್ಮನ್ನು ನಾವೇ ಮಣಿಯೆಂದೂ ಕಡ್ಡಿಯೆಂದೂ ಭಾವಿಸಿಕೊಂಡು ಪ್ರಯಾಣ ಮಾಡಿದ್ದುಂಟು. ಬಹುತೇಕ ದಿನ ಮಣಿಯೇ.

ಬಾಗಿಲ ಲೆಕ್ಕಕ್ಕೆ ಬೇಕಾದದ್ದು ಇನ್ನೊಂದು. ಡಿರ್ಕ್ ಹೆಲ್ಬಿಂಗ್ ಎಂಬ ಜರ್ಮನಿಯ ವಿದ್ವಾಂಸರು, ವಿಚೆಕ್ ಮತ್ತು ಫರ್ಕಾಶ್ ಅವರೊಡನೆ ಸೇರಿ 2000ದಲ್ಲಿ ಅದನ್ನು ಬರೆದರು. ಪ್ರತಿಯೊಬ್ಬ ಮನುಷ್ಯನನ್ನೂ ಒಂದು ದುಂಡು ಬಿಲ್ಲೆಯೆಂದು ತಿಳಿಯಿರಿ. ಬಾಗಿಲ ಕಡೆಗೆ ಅವನನ್ನು ಅವನ ಇಚ್ಛೆ ಎಳೆಯುತ್ತದೆ. ಇತರರೂ ಗೋಡೆಯೂ ಅವನನ್ನು ದೂರ ತಳ್ಳುತ್ತಾರೆ. ಮೈಗೆ ಮೈ ತಾಕಿದರೆ ಒತ್ತಡವೂ ಉಜ್ಜಾಟವೂ ಉಂಟಾಗುತ್ತವೆ. ಈ ಬಲಗಳನ್ನೆಲ್ಲ ಕೂಡಿಸಿ ಅವನು ಮುಂದಿನ ಕ್ಷಣ ಎಲ್ಲಿರುವನೆಂದು ಕಂಡುಹಿಡಿಯಬೇಕು. ನ್ಯೂಟನ್ನನಿಗೆ ಇದರಲ್ಲಿ ಹೊಸದೇನೂ ಕಾಣಿಸುತ್ತಿರಲಿಲ್ಲ, ಇಚ್ಛೆಯೊಂದನ್ನು ಬಿಟ್ಟು.

ಹುಡುಗಿ ಮೊದಲು ಬಲಗಳ ಲೆಕ್ಕವನ್ನಷ್ಟೇ ಬರೆದು ಯಂತ್ರಕ್ಕೆ ಕೊಟ್ಟಳು. ಯಂತ್ರ ಅಂಕಿಗಳನ್ನು ಕೊಟ್ಟಿತು: ಮುನ್ನೂರು ಸಾಲು, ಒಂದೊಂದು ಸಾಲಿನಲ್ಲಿ ಒಬ್ಬೊಬ್ಬನ ಸ್ಥಾನ. ಮರುಕ್ಷಣಕ್ಕೆ ಮತ್ತೆ ಮುನ್ನೂರು ಸಾಲು. ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಅದನ್ನು ನೋಡಿ ಯಾರಿಗೂ ಏನೂ ಆಗುತ್ತಿರಲಿಲ್ಲ. ನಾವು ರಿಜಿಸ್ಟರು ಓದಿ ಬದುಕುವವರು, ನಮಗೇ ಆಗಲಿಲ್ಲ. ನೂಕುನುಗ್ಗಲು ಆ ಅಂಕಿಗಳೊಳಗೆ ಎಲ್ಲೋ ನಡೆದುಹೋಗಿತ್ತು, ಪ್ರವಾಹದ ಸುದ್ದಿ ತಹಶೀಲ್ದಾರರ ತಖ್ತೆಯಲ್ಲಿ ನಡೆದುಹೋಗುವಂತೆ.

ಆದ್ದರಿಂದ ಚಿತ್ರ ಬೇಕಾಯಿತು. ಇದಕ್ಕೆಂದೇ ಸಿದ್ಧವಾದ ಸಾಧನಗಳಿವೆ. ಯೂರಿ ವಿಲೆನ್ಸ್ಕಿ ಎಂಬುವರು 1999ರಲ್ಲಿ ಮಾಡಿದ ನೆಟ್‌ಲೋಗೋ ಪುಕ್ಕಟೆಯಾಗಿ ಸಿಗುತ್ತದೆ. ಅದರಲ್ಲಿ ಚಲಿಸುವ ಏಜೆಂಟರಿಗೆಲ್ಲ ಆಮೆಗಳೆಂದು ಹೆಸರು. ಒಂದು ಭಾನುವಾರ ಆ ಆಮೆಗಳೊಂದಿಗೆ ಕಳೆದೆವು. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲವೆಂದೇ ನಮ್ಮ ಅಭಿಪ್ರಾಯ. ಆದರೆ ಸಂಘದ ಹಿರಿಯರು ತಮ್ಮ ಮೊಬೈಲಿನಲ್ಲಿಯೇ ತೆರೆದು ನೋಡುವಂತಿರಬೇಕೆಂದು ಹುಡುಗಿಯ ಹಟ. ಬ್ರೌಸರಿನಲ್ಲಿಯೇ ಚಿತ್ರ ಬಿಡಿಸಲು ಕ್ಯಾನ್ವಾಸ್ ಎಂಬ ಸೌಕರ್ಯವಿದೆ. ಅದರ ಮೇಲೆ ನಾವೇ ಎಲ್ಲವನ್ನೂ ಬರೆಯುವುದೆಂದಾಯಿತು.

ಮೊದಲ ಕೆಲಸ ನಕ್ಷೆ. ಸಭಾಂಗಣವನ್ನು ಟೇಪು ಹಿಡಿದು ಅಳೆದೆವು: ಉದ್ದ 18 ಮೀಟರು, ಅಗಲ 12. ಒಂದು ಮೀಟರಿಗೆ ಪರದೆಯ 50 ಚುಕ್ಕೆಯಂತೆ ಹಾಕಿದರೆ 900ಕ್ಕೆ 600. ಮನುಷ್ಯನ ಬಿಲ್ಲೆಗೆ 40 ಸೆಂಟಿಮೀಟರಿನ ಅಡ್ಡಗಲ, ಪರದೆಯಲ್ಲಿ 20 ಚುಕ್ಕೆ. ಇಲ್ಲಿ ಒಂದು ಸ್ವಾರಸ್ಯವಿದೆ. ಶಾಲೆಯ ಗ್ರಾಫು ಕಾಗದದಲ್ಲಿ ಎಣಿಕೆ ಕೆಳಗಿನ ಎಡಮೂಲೆಯಿಂದ ಮೇಲಕ್ಕೆ ಹೋಗುತ್ತದೆ. ಪರದೆಯಲ್ಲಿ ಮೇಲಿನ ಎಡಮೂಲೆಯಿಂದ ಕೆಳಕ್ಕೆ. ಹುಡುಗಿಗೆ ಇದು ತಲೆಕೆಳಗೆನಿಸಿತು. ನಮಗೆ ಮಾತ್ರ ಪರದೆಯೇ ಸರಿಯೆನಿಸಿತು. ಲೆಡ್ಜರಿನ ಪುಟವನ್ನು ಯಾರಾದರೂ ಕೆಳಗಿನಿಂದ ಬರೆಯುತ್ತಾರೆಯೆ?

ಎರಡನೆಯದು ಎರಡು ವಹಿಗಳ ವಿಷಯ. ಮುನ್ನೂರು ಜನರ ಹೊಸ ಸ್ಥಾನಗಳನ್ನು ಒಬ್ಬೊಬ್ಬರದಾಗಿ ಬರೆಯುತ್ತ ಹೋಗುವಾಗ, ಮೊದಲನೆಯವನನ್ನು ಸರಿಸಿದ ಮೇಲೆ ಎರಡನೆಯವನು ಯಾರನ್ನು ನೋಡಬೇಕು? ಸರಿದವನನ್ನೆ, ಸರಿಯುವ ಮುಂಚಿನವನನ್ನೆ? ಸರಿದವನನ್ನು ನೋಡಿದರೆ ಪಟ್ಟಿಯಲ್ಲಿ ಮೊದಲು ಹೆಸರಿದ್ದವನಿಗೆ ಬಾಗಿಲು ಬೇಗ ಸಿಗುತ್ತದೆ, ಮತ್ತಾವ ಕಾರಣವೂ ಇಲ್ಲದೆ. ಕಚೇರಿಯ ಬಡ್ತಿಯ ಪಟ್ಟಿ ಹೀಗೆಯೇ ಎಂದು ಹೇಳಿ ನಾವು ನಕ್ಕೆವು. ಲೆಕ್ಕಕ್ಕೆ ಅದು ಸಲ್ಲದು. ಹಳೆಯ ವಹಿಯನ್ನು ಮುಟ್ಟದೆ ಅದನ್ನೇ ಎಲ್ಲರೂ ನೋಡಬೇಕು, ಬರೆಯುವುದೆಲ್ಲ ಹೊಸ ವಹಿಯಲ್ಲಿ. ಮುನ್ನೂರನೆಯವನದು ಮುಗಿದ ಮೇಲೆ ಹೊಸದು ಹಳೆಯದಾಗುತ್ತದೆ. ಚಿತ್ರವನ್ನೂ ಹೀಗೆಯೇ ಮರೆಯಲ್ಲಿ ಪೂರ್ತಿ ಬರೆದು ಒಮ್ಮೆಗೆ ಮುಂದಿಡುತ್ತಾರೆ. ಅರ್ಧ ಬರೆದ ಚಿತ್ರ ಕಣ್ಣಿಗೆ ಬಿದ್ದರೆ ಮಿಣುಕುತ್ತದೆ.

ಮೂರನೆಯದರಲ್ಲಿ ಟಪಾಲು ವಿಭಾಗಕ್ಕೆ ಕೀರ್ತಿ ಬಂತು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಮುನ್ನೂರು ಜನರಲ್ಲಿ ಪ್ರತಿಯೊಬ್ಬನೂ ಉಳಿದ ಎಲ್ಲರನ್ನೂ ನೋಡಬೇಕಾದರೆ ಜೋಡಿಗಳು 44,850. ಒಂದು ಸೆಕೆಂಡನ್ನು ನಾವು 120 ಪಾಲು ಮಾಡಿದ್ದೆವು, ಏಕೆಂದರೆ ಪಾಲು ದೊಡ್ಡದಾದರೆ ಬಿಲ್ಲೆಗಳು ಒಂದೇ ನೆಗೆತಕ್ಕೆ ಗೋಡೆಯ ಆಚೆ ಹೋಗಿ ನಿಲ್ಲುತ್ತವೆ. ಹಾಗಾದರೆ ಸೆಕೆಂಡಿಗೆ 53 ಲಕ್ಷಕ್ಕೂ ಮಿಕ್ಕ ಜೋಡಿಗಳು. ನಮ್ಮ ಹಳೆಯ ಲ್ಯಾಪ್‌ಟಾಪು ಇಸ್ತ್ರಿಪೆಟ್ಟಿಗೆಯಂತೆ ಕಾದು ಚುಕ್ಕಿಗಳು ಮೆರವಣಿಗೆಯ ಆನೆಯ ಹಾಗೆ ನಡೆದವು. ಆಗ ನಾವು ಕೇಳಿದೆವು: "ಮೂಲೆಯಲ್ಲಿ ಕುಳಿತವನು ವೇದಿಕೆಯ ಹತ್ತಿರ ಇರುವವನನ್ನು ಯಾಕೆ ನೋಡಬೇಕು? ಅವನು ಇವನಿಗೆ ತಾಕುವುದಿಲ್ಲವಲ್ಲ." ಟಪಾಲು ಬಂದೊಡನೆ ಗೂಡುಗೂಡಿಗೆ ಹಾಕುವಂತೆ, ಸಭಾಂಗಣವನ್ನು ಒಂದೊಂದು ಮೀಟರಿನ 216 ಚೌಕ ಮಾಡಿ ಪ್ರತಿಯೊಬ್ಬನನ್ನೂ ಅವನವನ ಗೂಡಿಗೆ ಹಾಕಿದರೆ ತನ್ನ ಗೂಡು ಒಂದು, ಸುತ್ತಲಿನ ಎಂಟು, ಒಟ್ಟು ಒಂಬತ್ತನ್ನು ನೋಡಿದರೆ ಸಾಕು. ಹುಡುಗಿ ನಮ್ಮನ್ನು ಒಂದು ಬಗೆಯಾಗಿ ನೋಡಿ, "ಮಾಮಾ, ಇದು ಪುಸ್ತಕದಾಗ ಐತಿ!" ಎಂದಳು. ಇದ್ದಿರಬಹುದು. ನಮ್ಮ ಕಚೇರಿಯಲ್ಲಿ ಅದು ತೇಗದ ಮರದ್ದು, ನಿಜಾಮರ ಕಾಲದ್ದು.

ಅಂದಿನಿಂದ ಚುಕ್ಕಿಗಳು ಮನುಷ್ಯರ ವೇಗದಲ್ಲಿಯೇ ನಡೆದವು. ಎರಡು ಪಾಲು ಲೆಕ್ಕಕ್ಕೆ ಒಂದು ಚಿತ್ರ, ಸೆಕೆಂಡಿಗೆ 60 ಚಿತ್ರ. ಪರದೆಯ ಮೂಲೆಯಲ್ಲಿ ಒಂದು ಗಡಿಯಾರವನ್ನೂ ಇಟ್ಟೆವು; ಅದರ ಒಂದು ನಿಮಿಷ ಗೋಡೆ ಗಡಿಯಾರದ ಒಂದು ನಿಮಿಷವೇ ಆಗಿರಬೇಕೆಂದು ನಾವು ಪಟ್ಟು ಹಿಡಿದೆವು. ಓಡಿಸಿ ತೋರಿಸಿದರೆ ನೋಡುವವರಿಗೆ ಬೇಸರವಾಗುವುದಿಲ್ಲ ನಿಜ. ಆದರೆ ಕಾಯುವವನಿಗೆ ಎಷ್ಟು ಹೊತ್ತಾಗುತ್ತದೆಂಬುದೇ ಅಲ್ಲಿಯ ವಿಷಯ.

ಮನುಷ್ಯರನ್ನು ಹೇಗೆ ಬರೆಯುವುದು? ಹುಡುಗಿ ಮೊದಲು ಪುಟ್ಟಪುಟ್ಟ ಮುಖಗಳನ್ನು ಮಾಡಿದಳು, ಕೆಲವಕ್ಕೆ ಮೈಸೂರು ಪೇಟ. ಅಕ್ಕಪಕ್ಕದ ಮಕ್ಕಳು ಬಂದು ನೋಡಿ ಬಿದ್ದುಬಿದ್ದು ನಕ್ಕವು. ನಮ್ಮ ಮನೆಯವರು ಒಗ್ಗರಣೆಯ ಸೌಟು ಹಿಡಿದೇ ಬಂದು ನೋಡಿ, "ಮ್ಯಾಲಿಂದ ನೋಡಿದರ ಮುಖ ಎಲ್ಲಿ ಕಾಣತಾವ? ಹೆಂಗಸರ ತುರುಬು, ಗಂಡಸರ ಬೋಳು, ಇಷ್ಟ ಅಲ್ಲೇನು ಕಾಣೂದು?" ಎಂದರು. ಮಾತು ದಿಟ. ನಗು ಬರುವ ಚಿತ್ರ ಈ ಕೆಲಸಕ್ಕೆ ತಕ್ಕುದಲ್ಲವೆಂದೂ ತೋರಿತು. ಪೇಟಗಳು ಹೋದವು, ಬರಿಯ ದುಂಡು ಚುಕ್ಕಿಗಳು ಉಳಿದವು.

ಬಣ್ಣದ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳವೇ ಆಯಿತು. ಇಕ್ಕಟ್ಟು ಹೆಚ್ಚಿದಂತೆ ಚುಕ್ಕಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಬೇಕೆಂಬುದು ಒಪ್ಪಿತವೇ. ಆದರೆ ಕೆಂಪು ಎಲ್ಲಿಂದ? ಒಂದು ಚದರ ಮೀಟರಿನಲ್ಲಿ ಮೂವರು ಸೇರಿದರೇ ಕೆಂಪು ಬರಲೆಂದು ಹುಡುಗಿ ಹೇಳಿದಳು. "ಕೆಂಪು ಕಂಡರ ಅಲ್ಲೇನು ಅವರು ಅಂಜೂದು?" ಎಂಬುದು ಅವಳ ವಾದ. ನಾವು ಒಪ್ಪಲಿಲ್ಲ. ಕಚೇರಿಯಲ್ಲಿ "ಜರೂರು" ಎಂಬ ಕೆಂಪು ಚೀಟಿ ಒಂದಿದೆ; ಎಲ್ಲ ಫೈಲಿಗೂ ಅದನ್ನು ಅಂಟಿಸಿದಂದಿನಿಂದ ಯಾವ ಫೈಲೂ ಜರೂರಿನದಾಗಿ ಉಳಿದಿಲ್ಲ. ಮೂವರು ಸೇರಿದರೆ ಅದು ಸುಲ್ತಾನ್ ಬಜಾರಿನ ದಿನನಿತ್ಯದ ಸಂತೆ. ಜನಸಂದಣಿಯ ವಿಷಯದಲ್ಲಿ ಪ್ರಮಾಣವೆನಿಸಿದ ಅಮೆರಿಕದ ಇಂಜಿನಿಯರು ಜಾನ್ ಫ್ರೂಯಿನ್ ಅವರು, ಚದರ ಮೀಟರಿಗೆ ಸುಮಾರು 7 ಮಂದಿಯಾದರೆ ಗುಂಪು ಗುಂಪಾಗಿರದೆ ನೀರಿನಂತಾಗುತ್ತದೆ ಎಂದಿದ್ದಾರೆ. ಅಲ್ಲಿ ಒಬ್ಬನ ಬಲ ಬುದ್ಧಿ ಯಾವುದೂ ನಡೆಯುವುದಿಲ್ಲ; ಅಲೆ ಎತ್ತಿದ ಕಡೆಗೆ ಹೋಗಬೇಕು. ಕೆಂಪು ಅಲ್ಲಿಂದಲೇ ಎಂದು ನಾವು ಹೇಳಿದೆವು. "ಹಂಗ ಮಾಡಿದರ ಕೆಂಪು ಬರೂದ ಇಲ್ಲ, ಬಾಗಿಲಾನೂ ತೆಗಿಯೂದಿಲ್ಲ," ಎಂದು ಹುಡುಗಿ ಸಿಟ್ಟಾಗಿ ಎದ್ದುಹೋದಳು. ಅವಳ ಸಿಟ್ಟಿನಲ್ಲಿ ನ್ಯಾಯವಿತ್ತು. ಬಾಗಿಲು ತೆರೆಯುವುದು ಮುಖ್ಯವೋ, ಬಣ್ಣ ನಿಜ ಹೇಳುವುದು ಮುಖ್ಯವೋ? ರಾತ್ರಿ ಊಟದ ಹೊತ್ತಿಗೆ ಅವಳೇ ಬಂದು 7 ಎಂದು ಬರೆದಳು. 5 ದಾಟಿದರೆ ಹಳದಿ ಎಂದೂ ಸೇರಿಸಿದಳು.

ಇಲ್ಲಿ ಒಂದು ಮಾತು. ಪತ್ರಿಕೆಗಳು ಇಂಥ ದುರಂತಗಳನ್ನು "ಕಾಲ್ತುಳಿತ" ಎಂದು ಬರೆಯುತ್ತವೆ. ಪದ ಕೇಳಿದರೆ, ಯಾರೋ ದುಷ್ಟರು ಬಿದ್ದವರನ್ನು ತುಳಿದು ಓಡಿದರೆಂಬ ಚಿತ್ರ ಮೂಡುತ್ತದೆ. ತಿಳಿದವರು ಹೇಳುವುದು ಬೇರೆ: ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ, ಎದೆ ಒತ್ತಿಹೋಗಿ ಉಸಿರು ಕಟ್ಟಿ, ನಿಂತ ಹಾಗೆಯೇ. ಹಿಂದಿನವರಿಗೆ ಮುಂದೆ ಏನಾಗಿದೆಯೆಂದು ಕಾಣುವುದಿಲ್ಲ. ಅವರು ತಳ್ಳುವುದು ಬರಿಯ ಒಂದು ಹೆಜ್ಜೆ. ನೂರು ಜನರ ಒಂದೊಂದು ಹೆಜ್ಜೆ ಮುಂದಿನವನ ಎದೆಯ ಮೇಲೆ ಕೂಡಿಕೊಳ್ಳುತ್ತದೆ. ಪರದೆಯ ಮೇಲೆ ಅದು ಚೆನ್ನಾಗಿ ಕಾಣುತ್ತದೆ: ಹಿಂದಿನ ಚುಕ್ಕಿಗಳೆಲ್ಲ ಹಸಿರಾಗಿಯೇ ಇರುತ್ತವೆ.

ಮೊದಲ ಬಾರಿಗೆ ಎಲ್ಲವೂ ಕೂಡಿಬಂದ ರಾತ್ರಿ ಮನೆಯ ಎಲ್ಲರೂ ಊಟದ ಮೇಜಿನ ಸುತ್ತ ನಿಂತು ನೋಡಿದೆವು. ಮುನ್ನೂರು ಚುಕ್ಕಿ ಬಾಗಿಲ ಕಡೆಗೆ ಹರಿದು ಅದರ ಮುಂದೆ ಕಮಾನಾಗಿ ನಿಂತವು. ಕಮಾನೆಂಬುದು ಉಪಮೆಯಲ್ಲ. ಚಾರ್‌ಮಿನಾರಿನ ಕಮಾನಿನಲ್ಲಿ ಕಲ್ಲು ಕಲ್ಲನ್ನು ಒತ್ತಿ ಹೇಗೆ ಬೀಳದೆ ನಿಂತಿದೆಯೋ ಹಾಗೆಯೇ ಭುಜ ಭುಜವನ್ನು ಒತ್ತಿ ಒಂದು ಕ್ಷಣ ಯಾರೂ ಹೊರಗೆ ಹೋಗಲಾರರು, ಮರುಕ್ಷಣ ಕಮಾನು ಮುರಿದು ನಾಲ್ಕೈದು ಜನ ಒಮ್ಮೆಗೆ ಸಿಡಿದು ಹೊರಬೀಳುತ್ತಾರೆ, ಮತ್ತೆ ಕಮಾನು. ಎಲ್ಲರೂ ಸಾವಧಾನವಾಗಿ ನಡೆದಾಗ ಸಭಾಂಗಣ ಖಾಲಿಯಾಗಲು ಮೂರೂವರೆ ನಿಮಿಷ ಹಿಡಿಯಿತು. ಹುಡುಗಿ ಎಲ್ಲರ ಅವಸರವನ್ನು ಹೆಚ್ಚಿಸಿದಳು. ಬೇಗ ಖಾಲಿಯಾಗಬೇಕಲ್ಲ? ಹೊತ್ತು ಹೆಚ್ಚಾಯಿತು. ಇನ್ನೂ ಅವಸರ ಕೊಟ್ಟಳು, ಇನ್ನೂ ಹೆಚ್ಚಾಯಿತು. ಹೆಲ್ಬಿಂಗರ ಬರಹದ ತಿರುಳೇ ಇದು. ಅವಸರ ಹೆಚ್ಚಿದಷ್ಟೂ ಕಮಾನು ಬಿಗಿಯಾಗುತ್ತದೆ. ನಮ್ಮ ಎಂಟು ವರ್ಷದ ಮಗ ಮಾತಿಲ್ಲದೆ ನೋಡುತ್ತಿದ್ದವನು, "ಅಪ್ಪಾ, ಆ ಇನ್ನೊಂದು ಬಾಗಿಲಾ ತೆಗೀರಿ," ಎಂದ.

ಸಮಿತಿಯ ಸಭೆ ಒಂದು ಶನಿವಾರ ಸಂಜೆ ನಡೆಯಿತು. ಒಂಬತ್ತು ಮಂದಿ ಹಿರಿಯರು; ಚಹ, ಖಾರಾ ಬಿಸ್ಕತ್ತು. ಹುಡುಗಿ ಗೋಡೆಯ ಮೇಲೆ ಚಿತ್ರ ಬಿಟ್ಟಳು. ಸಾವಧಾನದ ನಡಿಗೆಯನ್ನು ಮೊದಲು ತೋರಿಸಿದಳು. ಚುಕ್ಕಿಗಳು ಹಸಿರಾಗಿ ಹರಿದು, ಬಾಗಿಲ ಬಳಿ ಕೊಂಚ ಹಳದಿಯಾಗಿ, ಹೊರಗೆ ಹೋದವು. ನಮ್ಮ ಕೋಶಾಧಿಕಾರಿಗಳು ಮೈಸೂರು ಕಡೆಯವರು, ಲೆಕ್ಕದಲ್ಲಿ ನಿಷ್ಠುರರು. "ಏನ್ರೀ ಇದು, ಕೆಂಪೇ ಇಲ್ವಲ್ಲ! ಹಾಗಾದ್ರೆ ಅಪಾಯ ಇಲ್ಲ ಅಂತಾಯ್ತು," ಎಂದರು. ಹುಡುಗಿ ನಮ್ಮ ಮುಖ ನೋಡಿದಳು. ಆ ನೋಟವನ್ನು ನಾವು ಬೇಗ ಮರೆಯಲಾರೆವು.

"ಹೌದು ಸಾರ್, ಹಿಂಗ ನಡದರ ಇಲ್ಲ," ಎಂದಳು ಆಮೇಲೆ. "ಈಗ ಯಾರೋ ಮಳಿ ಬಂತು ಅಂದರು ಅಂತ ಇಟಗೊಳ್ರಿ, ಇಲ್ಲಾ ವಯರಿನಾಗ ಹೊಗಿ ಬಂತು ಅಂತ." ಅವಸರದ ಅಂಕಿಯನ್ನು ಏರಿಸಿದಳು. ಕಮಾನು ಕಟ್ಟಿತು. ಅದರ ಒಳಸಾಲಿನಲ್ಲಿ ಒಂದು ಚುಕ್ಕಿ ಕೆಂಪಾಯಿತು, ಮತ್ತೊಂದು, ಆಮೇಲೆ ಹತ್ತು ಹನ್ನೆರಡು. ಬರಿಯ ಹನ್ನೆರಡು. ಉಳಿದದ್ದೆಲ್ಲ ಹಸಿರು. ಮೊದಲಿನಿಂದಲೇ ಎಲ್ಲೆಲ್ಲಿಯೂ ಕೆಂಪು ತೋರಿಸಿದ್ದರೆ ಈ ಹನ್ನೆರಡು ಯಾರ ಕಣ್ಣಿಗೆ ಬೀಳುತ್ತಿತ್ತು! ಕೋಶಾಧಿಕಾರಿಗಳು ಬಿಸ್ಕತ್ತನ್ನು ತಟ್ಟೆಯಲ್ಲಿಟ್ಟು ಕನ್ನಡಕ ಹಾಕಿಕೊಂಡರು.

ಆಗ ಮಾತನಾಡಿದವರು ಮಹಿಳಾ ವಿಭಾಗದ ಹಿರಿಯರಾದ ಒಬ್ಬ ಅಜ್ಜಿ. ಎಂಬತ್ತರ ಸಮೀಪದವರು, ಬೀದರಿನವರು. "ತಂಗಿ, ಇದರಾಗ ನಾ ಎಲ್ಲಿದ್ದೀನವ್ವಾ?" ಎಂದು ಕೇಳಿದರು.

ಯಾರೂ ಉತ್ತರ ಕೊಡಲಿಲ್ಲ. ಚುಕ್ಕಿಗಳೆಲ್ಲ ಒಂದೇ ಅಳತೆ, ಒಂದೇ ನಡಿಗೆ; ಅಜ್ಜಿಯ ಚುಕ್ಕಿ ಅಲ್ಲಿರಲಿಲ್ಲ. "ನನಗ ಮೊಣಕಾಲು ಬ್ಯಾನಿ. ಯಜಮಾನರಿಗೆ ಕಣ್ಣು ಮಂಜು. ಅವರ ಕೈ ಬಿಟ್ಟು ನಾ ಹೋಗಂಗಿಲ್ಲ. ನಾವು ಹಿಂದಿನ ಸಾಲಿನಾಗ ಫ್ಯಾನಿನ ಕೆಳಗ ಕೂಡತೀವಿ. ಅಲ್ಲಿಂದ ಈ ಬಾಗಿಲಿಗೆ ಬರಬೇಕು," ಎಂದರು. ಹುಡುಗಿ ಒಂದು ವಾರದ ಗಡುವು ಕೇಳಿದಳು. ಸಭೆ ಮುಂದಕ್ಕೆ ಹೋಯಿತು.

ಆ ವಾರ ನಾವು ಮುನ್ನೂರರಲ್ಲಿ ನಲವತ್ತು ಚುಕ್ಕಿಗಳ ನಡಿಗೆಯನ್ನು ಅರ್ಧಕ್ಕಿಳಿಸಿದೆವು. ಮಕ್ಕಳ ಚುಕ್ಕಿಗಳನ್ನು ಚಿಕ್ಕದು ಮಾಡಿದೆವು. ಕೈ ಹಿಡಿದವರ ನಡುವೆ ಒಂದು ಸ್ಪ್ರಿಂಗು ಹಾಕಿದೆವು. ಇದು ಭೌತಶಾಸ್ತ್ರದ ಅತಿ ಹಳೆಯ ಸಾಧನ: ದೂರವಾದಷ್ಟೂ ಹತ್ತಿರಕ್ಕೆ ಎಳೆಯುತ್ತದೆ. ಪರದೆಯಲ್ಲಿ ಅದನ್ನು ಒಂದು ಸಣ್ಣ ಗೆರೆಯಾಗಿ ತೋರಿಸಿದೆವು. ಗೆರೆಗಳು ಬಂದಮೇಲೆ ಚಿತ್ರದ ಕಳೆಯೇ ಬೇರೆಯಾಯಿತು. ಅಲ್ಲಿಯವರೆಗೆ ಜನಸಂದಣಿಯಾಗಿದ್ದದ್ದು ಈಗ ಸಂಸಾರಗಳಾಗಿ ಕಾಣುತ್ತಿತ್ತು. ಕಮಾನಿನಲ್ಲಿ ಕೆಲವು ಗೆರೆಗಳು ಉದ್ದುದ್ದ ಎಳೆದುಕೊಳ್ಳುತ್ತಿದ್ದವು, ನಡುವೆ ಬೇರೆಯವರು ನುಗ್ಗಿ. ನಮ್ಮ ಮನೆಯವರು ಅದನ್ನು ನೋಡಲೊಲ್ಲದೆ ಒಳಗೆ ಹೋದರು. ಕೊನೆಗೆ ಹುಡುಗಿ ಹಿಂದಿನ ಸಾಲಿನ ಎರಡು ಚುಕ್ಕಿಗಳಿಗೆ ಮಾತ್ರ ನೀಲಿ ಬಣ್ಣ ಕೊಟ್ಟಳು.

ಮುಂದಿನ ಶನಿವಾರ ಗೋಡೆಯ ಮೇಲೆ ಆ ಎರಡು ನೀಲಿ ಚುಕ್ಕಿಗಳು ನಡೆದವು. ಅವಸರದ ಅಂಕಿ ಏರಿಸಲೇ ಇಲ್ಲ, ಸಾಧಾರಣ ನಡಿಗೆಯೇ. ಕೆಂಪೂ ಬರಲಿಲ್ಲ. ಮುನ್ನೂರನ್ನು ಬಿಟ್ಟು ಎಲ್ಲರೂ ಆ ಎರಡನ್ನೇ ನೋಡಿದರು. ಅವು ಸ್ವಲ್ಪ ಮುಂದೆ ಬರುತ್ತಿದ್ದವು, ಬದಿಗೆ ಸರಿಯುತ್ತಿದ್ದವು, ಯಾರೋ ದಾಟಿ ಹೋಗುತ್ತಿದ್ದರು, ಮತ್ತೆ ನಿಲ್ಲುತ್ತಿದ್ದವು. ಗಡಿಯಾರ ನಾಲ್ಕು ನಿಮಿಷ ದಾಟಿತು. ಗೋಡೆಯ ಗಡಿಯಾರದ ನಾಲ್ಕು ನಿಮಿಷ. ಅಷ್ಟು ಹೊತ್ತು ಒಂಬತ್ತು ಹಿರಿಯರು ಮಾತಿಲ್ಲದೆ ಕುಳಿತದ್ದು ಸಂಘದ ಚರಿತ್ರೆಯಲ್ಲಿಯೇ ಇಲ್ಲವೆಂದು ಕಾರ್ಯದರ್ಶಿಗಳು ಆಮೇಲೆ ಹೇಳಿದರು. ಹುಡುಗಿ ಎರಡನೆಯ ಬಾಗಿಲು ತೆರೆದು ಮತ್ತೆ ಮೊದಲಿನಿಂದ ಬಿಟ್ಟಳು. ಸಭಾಂಗಣ ಎರಡೂವರೆ ನಿಮಿಷದೊಳಗೆ ಖಾಲಿಯಾಯಿತು. ನೀಲಿ ಚುಕ್ಕಿಗಳು ತಮ್ಮ ಫ್ಯಾನಿನ ಕೆಳಗಿಂದ ಎದ್ದು, ಪಕ್ಕದ ಬಾಗಿಲಿನಿಂದ, ಒಂದು ನಿಮಿಷವೂ ಆಗದೆ ಹೊರಗೆ ಹೋದವು.

"ಹಂಗ ಹೋಗತೀವಿ ನೋಡು," ಎಂದರು ಅಜ್ಜಿ.

ಅಧ್ಯಕ್ಷರು ಬೀಗದ ಕೈ ಯಾರಲ್ಲಿದೆಯೆಂದು ಕೇಳಿದರು. ಯಾರಲ್ಲಿಯೂ ಇರಲಿಲ್ಲ. ಬೀಗ ಒಡೆಯಬೇಕಾಯಿತು; ಕುರ್ಚಿಗಳು ವೇದಿಕೆಯ ಕೆಳಗೆ ಹೋದವು; ಚಪ್ಪಲಿಗಳನ್ನು ಕಾಯಲು ಇಬ್ಬರು ಹುಡುಗರನ್ನು ನಿಲ್ಲಿಸುವುದೆಂದು ಕೋಶಾಧಿಕಾರಿಗಳೇ ಸೂಚಿಸಿ ಖರ್ಚು ಮಂಜೂರು ಮಾಡಿದರು. ಹುಡುಗಿಯ ಪ್ರಾಜೆಕ್ಟು ಕಾಲೇಜಿನಲ್ಲಿ ಒಪ್ಪಿಗೆಯಾಯಿತು. ಅಲ್ಲಿ ಅವರು ಎರಡು ವಹಿಗಳ ವಿಷಯ ಕೇಳಿದರಂತೆ, ಗೂಡುಗಳ ವಿಷಯ ಕೇಳಿದರಂತೆ. ನೀಲಿ ಚುಕ್ಕಿ ಯಾಕೆಂದು ಯಾರೂ ಕೇಳಲಿಲ್ಲವಂತೆ.

ಈ ಪರದೆಗೆ ತಿಳಿಯದ ಸಂಗತಿಗಳು ಇನ್ನೂ ಬಹಳ ಇವೆ. ಅದು ಚಪ್ಪಟೆ, ಹಿಂದಿನ ಬಾಗಿಲಿನ ಹೊರಗೆ ಮೂರು ಮೆಟ್ಟಿಲಿರುವುದು ಅದಕ್ಕೆ ಗೊತ್ತಿಲ್ಲ. ಮೆಟ್ಟಿಲ ಮೇಲೆ ಒಂದು ದೀಪವನ್ನೂ ಬದಿಗೆ ಹಿಡಿಕೆಯ ಕಂಬಿಯನ್ನೂ ಹಾಕಿಸಲಾಗಿದೆ. ಕೀಲಿಕೈಯನ್ನು ಈಗ ಬಾಗಿಲ ಒಳಬದಿಯಲ್ಲಿಯೇ ಮೊಳೆಗೆ ತೂಗುಹಾಕಿದೆ. ಒಂದು ಕೋರಿಕೆ ಉಳಿದಿದೆ, ಅದನ್ನು ಸಂಪಾದಕರ ಅಪ್ಪಣೆಯಿಂದ ಇಲ್ಲಿಯೇ ಬರೆಯುತ್ತೇವೆ: ಬಾಗಿಲು ತೆರೆದ ಮೊದಲ ಭಾನುವಾರವೇ ಮೆಟ್ಟಿಲ ಮುಂದಿನ ಜಾಗ ನೆರಳಾಗಿದೆಯೆಂದು ಏಳು ಸ್ಕೂಟರುಗಳು ಅಲ್ಲಿ ನಿಂತಿದ್ದವು. ರಾಜ್ಯೋತ್ಸವದ ದಿನ ದಯವಿಟ್ಟು ವಾಹನಗಳನ್ನು ಮುಂದಿನ ಅಂಗಳದಲ್ಲಿಯೇ ನಿಲ್ಲಿಸಿರಿ.